ಮನೆಯೊಳಗಿನ ಆರ್ಕಿಡ್: ಬೇರು ನೋಡಿ ಆರೈಕೆ ಮಾಡುವ ಸಮಗ್ರ ಮಾರ್ಗದರ್ಶಿ

ಆರ್ಕಿಡ್ ಎಲೆ ಸ್ವಲ್ಪ ಬಾಡಿದಂತೆ ಕಂಡರೆ ಸಾಕು, ನಮ್ಮ ಕೈ ನೀರಿನ ಚೊಂಬಿನ ಕಡೆ ಹೋಗುತ್ತದೆ. ಎಷ್ಟೋ ಗಿಡಗಳಿಗೆ ಕೊನೆಯ ಪೆಟ್ಟು ಬೀಳುವುದು ಅಲ್ಲೇ. ಅಂಥ ಗಿಡಕ್ಕೆ ನೀರಿನ ಕೊರತೆಯೇ ಇರುವುದಿಲ್ಲ. ನೀರು ಕುಡಿಯಬೇಕಾದ ಬೇರೇ ಕೊಳೆತು ಹೋಗಿರುತ್ತದೆ. ಆಮೇಲೆ ಹಾಕಿದ ನೀರು ಉಳಿದಿದ್ದ ನಾಲ್ಕು ಬೇರನ್ನೂ ಕೊಳೆಸುತ್ತದೆ.

ಕುಂಡದಲ್ಲಿರುವ ಆರ್ಕಿಡ್ ನೀರಿಲ್ಲದೆ ಸಾಯುವುದು ಕಡಿಮೆ. ಬೇರಿಗೆ ಗಾಳಿಯಿಲ್ಲದೆ ಸಾಯುವುದೇ ಜಾಸ್ತಿ. ಇದೊಂದು ಮಾತು ತಲೆಯಲ್ಲಿದ್ದರೆ ಕುಂಡ ಯಾವುದು, ಮಿಶ್ರಣ ಎಂಥದ್ದು, ನೀರು ಯಾವಾಗ ಎನ್ನುವುದಕ್ಕೆಲ್ಲ ಉತ್ತರ ಸುಲಭವಾಗಿ ಸಿಗುತ್ತದೆ. ಹಾಗಾಗಿ ಇಲ್ಲಿ ಹೂವಿನ ಬಗ್ಗೆ ಹೆಚ್ಚು ಮಾತಿಲ್ಲ, ಪೂರ್ತಿ ಬೇರಿನದೇ ವಿಚಾರ. ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಫಲನಾಪ್ಸಿಸ್ ಜಾತಿ. ದಪ್ಪ ಅಗಲ ಎಲೆ, ಉದ್ದಕ್ಕೆ ಬಾಗಿದ ದಂಟು, ವಾರಗಟ್ಟಲೆ ಉಳಿಯುವ ಚಪ್ಪಟೆ ಹೂವು ಇರುತ್ತದಲ್ಲ, ಅದೇ. ಅದನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ಬೇರೆ ಜಾತಿಗಳಲ್ಲಿ ಏನು ವ್ಯತ್ಯಾಸ ಎಂಬುದೂ ಮುಂದೆ ಬರುತ್ತದೆ.

ಈ ಬೇರು ಮಣ್ಣಿನ ಬೇರಲ್ಲ

ಫಲನಾಪ್ಸಿಸ್ ಏಷ್ಯಾದ ಬೆಚ್ಚಗಿನ, ತೇವದ ಕಾಡುಗಳ ಗಿಡ. ಅಲ್ಲಿ ಅದು ನೆಲದಲ್ಲಿ ಬೆಳೆಯುವುದಿಲ್ಲ. ಮರದ ಕೊಂಬೆಗೆ ಅಂಟಿಕೊಂಡು, ಬೇರನ್ನು ಗಾಳಿಗೆ ಬಿಟ್ಟುಕೊಂಡು ಬದುಕುತ್ತದೆ. ಮರದಿಂದ ಆಹಾರ ಕದಿಯುವುದೂ ಇಲ್ಲ, ಬರೀ ಆಸರೆ ತೆಗೆದುಕೊಳ್ಳುತ್ತದೆ. ಮಳೆ ಬಂದಾಗ ಬೇರು ಪೂರ್ತಿ ನೆನೆಯುತ್ತದೆ. ಮಳೆ ನಿಂತ ಮೇಲೆ ಗಾಳಿ ಆಡಿ ಕೆಲವು ಗಂಟೆಗಳಲ್ಲಿ ಒಣಗುತ್ತದೆ. ನೆನೆಯುವುದು, ಒಣಗುವುದು, ಮತ್ತೆ ನೆನೆಯುವುದು: ಬೇರು ರೂಪುಗೊಂಡಿರುವುದೇ ಈ ಲಯಕ್ಕೆ.

ಬೇರಿನ ಹೊರಮೈಯಲ್ಲಿ ವೆಲಮೆನ್ ಎಂಬ ಪದರ ಇರುತ್ತದೆ. ಬಲಿತ ಮೇಲೆ ಇದರ ಕೋಶಗಳು ಸತ್ತು ಟೊಳ್ಳಾಗಿರುತ್ತವೆ. ನೀರು ತಾಗಿದ ಕೂಡಲೇ ಸ್ಪಂಜಿನ ಹಾಗೆ ಹೀರಿಕೊಂಡು, ಒಳಗಿನ ಜೀವಂತ ಪದರಕ್ಕೆ ನಿಧಾನವಾಗಿ ದಾಟಿಸುತ್ತವೆ. ಒಣಗಿದಾಗ ಆ ಟೊಳ್ಳಿನಲ್ಲಿ ಗಾಳಿ ತುಂಬಿಕೊಳ್ಳುವುದರಿಂದ ಬೇರು ಬೆಳ್ಳಿ ಬಣ್ಣಕ್ಕೆ ತಿರುಗುತ್ತದೆ. ನೆನೆದಾಗ ವೆಲಮೆನ್ ಪಾರದರ್ಶಕವಾಗಿ ಒಳಗಿನ ಹಸಿರು ಕಾಣುತ್ತದೆ. ಹಸಿರು ಅಂದರೆ ಪತ್ರಹರಿತ್ತು. ಬೆಳಕು ಬಿದ್ದರೆ ಈ ಬೇರುಗಳೂ ಸ್ವಲ್ಪ ಆಹಾರ ತಯಾರಿಸಿಕೊಳ್ಳುತ್ತವೆ.

ಇಂಥ ಬೇರನ್ನು ತೋಟದ ಮಣ್ಣಿನಲ್ಲಿ ಹೂತರೆ ಏನಾಗುತ್ತದೆ? ಮಣ್ಣಿನ ಸಣ್ಣ ಕಣಗಳ ನಡುವೆ ನೀರು ನಿಂತುಬಿಡುತ್ತದೆ. ಬೇರಿಗೆ ಆಮ್ಲಜನಕ ಸಿಗುವುದಿಲ್ಲ. ಒಳಗಿನ ಜೀವಕೋಶಗಳು ಸಾಯಲು ಶುರುವಾಗುತ್ತವೆ. ಸತ್ತ ಭಾಗದಲ್ಲಿ ಶಿಲೀಂಧ್ರ, ಬ್ಯಾಕ್ಟೀರಿಯಾ ಸೇರಿಕೊಂಡು ಮುಂದಕ್ಕೆ ಹಬ್ಬುತ್ತವೆ. ಬಹಳ ಜನ ಶಿಲೀಂಧ್ರವೇ ಮೂಲ ಅಂದುಕೊಂಡು ಔಷಧಿ ಸುರಿಯುತ್ತಾರೆ. ಮನೆಯ ಕುಂಡದಲ್ಲಿ ಉಸಿರು ಕಟ್ಟುವುದೇ ಹೆಚ್ಚಾಗಿ ಮೊದಲು ನಡೆಯುವುದು. ಕೊಳೆ ಅದರ ಹಿಂದೆ ಬರುತ್ತದೆ.

ಹೆಜ್ಜೆ 1: ಬೇರು ನೋಡಿ, ಮುಟ್ಟಿ

ಗಿಡ ಮನೆಗೆ ಬಂದ ದಿನವೇ ಈ ಕೆಲಸ ಮಾಡಿ. ಪಾರದರ್ಶಕ ಕುಂಡವಾದರೆ ಎತ್ತಿ ಬೆಳಕಿಗೆ ಹಿಡಿದರೆ ಸಾಕು. ಇಲ್ಲದಿದ್ದರೆ ಮಣ್ಣಿನ ಬದಲು ಕುಂಡದಲ್ಲಿ ತುಂಬಿರುವ ಮರದ ತೊಗಟೆ ಚೂರುಗಳನ್ನು ಮೇಲಿನಿಂದ ಬೆರಳಲ್ಲಿ ಸರಿಸಿ ಒಳಗೆ ಇಣುಕಿ.

ಬೆಳ್ಳಿ ಅಥವಾ ಬೂದು ಬಣ್ಣದ ಗಟ್ಟಿ ಬೇರು ಆರೋಗ್ಯವಾಗಿದೆ, ಒಣಗಿದೆ, ನೀರು ಕೇಳುತ್ತಿದೆ. ಹಸಿರು ಗಟ್ಟಿ ಬೇರಿಗೆ ಸದ್ಯ ನೀರು ಸಾಕು. ಕಂದು, ಹಳದಿ ಬೇರಿನ ವಿಷಯದಲ್ಲಿ ಮಾತ್ರ ಅವಸರ ಬೇಡ. ಕುಂಡದ ಮಧ್ಯೆ ಬೆಳಕೇ ಕಾಣದೆ ಬೆಳೆದ ಬೇರು ಹಸಿರಾಗುವುದಿಲ್ಲ. ತೊಗಟೆಯ ಬಣ್ಣ ಹತ್ತಿ ಕಂದಾಗಿರುತ್ತದೆ, ಅಷ್ಟೇ. ಬಣ್ಣ ನೋಡಿ ಕತ್ತರಿ ಹಾಕಿದರೆ ಒಳ್ಳೆಯ ಬೇರನ್ನೇ ಕಳೆದುಕೊಳ್ಳುತ್ತೀರಿ.

ಅದಕ್ಕೆ ಬೆರಳಿನ ಪರೀಕ್ಷೆ ಬೇಕು. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಬೇರನ್ನು ಹಿಡಿದು ಮೆಲ್ಲಗೆ ಒತ್ತಿ. ಗಟ್ಟಿಯಾಗಿದ್ದರೆ ಬದುಕಿದೆ. ಒತ್ತಿದ ಕೂಡಲೇ ಚಪ್ಪಟೆಯಾಗಿ ನೀರು ಒಸರಿದರೆ ಕೊಳೆತಿದೆ. ಕಾಗದದಂತೆ ಟೊಳ್ಳಾಗಿ ಕುಸಿದರೆ ಒಣಗಿ ಸತ್ತಿದೆ. ಕೊಳೆತ ಬೇರನ್ನು ಸ್ವಲ್ಪ ಎಳೆದರೆ ಹೊರಗಿನ ಪದರ ಜಾರಿಕೊಂಡು ಕೈಗೆ ಬಂದು, ಒಳಗಿನ ತೆಳ್ಳಗಿನ ನಾರು ಮಾತ್ರ ಗಿಡದಲ್ಲಿ ಉಳಿಯುತ್ತದೆ. ಒಂದು ಸಲ ಇದನ್ನು ಕೈಯಲ್ಲಿ ಅನುಭವಿಸಿದರೆ ಮತ್ತೆ ಅನುಮಾನ ಬರುವುದಿಲ್ಲ.

ಬೇರಿನ ತುದಿಯನ್ನೂ ನೋಡಿ. ಬೆಳೆಯುತ್ತಿರುವ ಬೇರಿನ ತುದಿಯಲ್ಲಿ ಒಂದೆರಡು ಸೆಂಟಿಮೀಟರ್ ಉದ್ದಕ್ಕೆ ಹೊಳೆಯುವ ಹಸಿರು ಇರುತ್ತದೆ, ಕೆಲವು ತಳಿಗಳಲ್ಲಿ ಕೆಂಪು ಅಥವಾ ನೇರಳೆ ಛಾಯೆ. ಅಲ್ಲಿಗೆ ಬಿಳಿ ಪದರ ಇನ್ನೂ ಬಂದಿರುವುದಿಲ್ಲ. ತುದಿ ತುಂಬಾ ನಾಜೂಕು, ಉಗುರು ತಾಗಿದರೂ ಮುರಿಯುತ್ತದೆ. ತುದಿ ಮುರಿದರೆ ಬೇರು ಸಾಯುವುದಿಲ್ಲ. ಉದ್ದ ಬೆಳೆಯುವುದು ನಿಂತು, ಎಷ್ಟೋ ಸಲ ಪಕ್ಕದಿಂದ ಕವಲು ಬರುತ್ತದೆ. ಹಾಗೇ ಎಲ್ಲ ತುದಿಗಳೂ ಬಿಳಿಯಾಗಿ ಮುಚ್ಚಿಕೊಂಡಿದ್ದರೆ ಹೆದರಬೇಡಿ, ಗಿಡ ಸದ್ಯಕ್ಕೆ ವಿಶ್ರಾಂತಿಯಲ್ಲಿದೆ. ತುದಿ ಕಪ್ಪಗೆ ಸುಟ್ಟಂತಿದ್ದರೆ ಉಪ್ಪಿನ ತೊಂದರೆ ಇರಬಹುದು, ಅದು ಮುಂದೆ ಬರುತ್ತದೆ.

ಇನ್ನೊಂದು ಸಣ್ಣ ವಿಷಯ. ನೀರು ಹಾಕಿದ ಮೇಲೆ ಹಸಿರಾದ ಬೇರಿನ ಮೇಲೆ ಅಲ್ಲಲ್ಲಿ ಪುಟ್ಟ ಬಿಳಿ ಗೀರು, ಚುಕ್ಕೆ ಹಾಗೇ ಉಳಿದಿರುವುದನ್ನು ಗಮನಿಸಿ. ಸುತ್ತ ಎಲ್ಲ ನೆನೆದರೂ ಆ ಜಾಗ ನೆನೆಯುವುದೇ ಇಲ್ಲ. ಅದು ರೋಗವಲ್ಲ, ಹುಳುವೂ ಅಲ್ಲ. ಬೇರು ಒದ್ದೆಯಾದಾಗಲೂ ಗಾಳಿ ಒಳಗೆ ಹೊರಗೆ ಆಡಲು ಇಟ್ಟುಕೊಂಡಿರುವ ಕಿಂಡಿಗಳು ಅವು. ಉಸಿರಾಟ ಈ ಬೇರಿಗೆ ಎಷ್ಟು ಮುಖ್ಯ ಎಂದು ಕಣ್ಣಾರೆ ನೋಡಬೇಕೆಂದರೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಹೆಜ್ಜೆ 2: ಸರಿಯಾದ ಕುಂಡ

ಕುಂಡ ದೊಡ್ಡದಿದ್ದಷ್ಟೂ ಒಳ್ಳೆಯದು ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬೇರಿಲ್ಲದ ಜಾಗದಲ್ಲಿ ನೀರನ್ನು ಕುಡಿಯುವವರು ಯಾರೂ ಇಲ್ಲ, ಅಲ್ವಾ? ಅಲ್ಲಿ ತೇವ ದಿನಗಟ್ಟಲೆ ನಿಲ್ಲುತ್ತದೆ. ಬೇರಿನ ಗುಂಪು ಒಳಗೆ ಕೂತು ಸುತ್ತ ಒಂದೆರಡು ಸೆಂಟಿಮೀಟರ್ ಜಾಗ ಉಳಿದರೆ ಸಾಕು. ಅಳತೆ ಬೇರಿನದು, ಎಲೆಯದಲ್ಲ. ಎಲೆ ಅಗಲವಾಗಿದ್ದು ಬೇರು ಕಡಿಮೆಯಿದ್ದರೆ ಸಣ್ಣ ಕುಂಡವೇ ಸರಿ. ದೊಡ್ಡ ಫಲನಾಪ್ಸಿಸ್ ಕೂಡ ಸಾಮಾನ್ಯವಾಗಿ 12 ಸೆಂಟಿಮೀಟರ್ ಅಗಲದ ಕುಂಡದಲ್ಲಿ ಆರಾಮವಾಗಿ ಇರುತ್ತದೆ.

ಶುರು ಮಾಡುವವರಿಗೆ ಪಾರದರ್ಶಕ ಪ್ಲಾಸ್ಟಿಕ್ ಕುಂಡವೇ ನನ್ನ ಆಯ್ಕೆ. ಬೇರಿನ ಬಣ್ಣ ಕಾಣುತ್ತದೆ, ಗೋಡೆಯ ಒಳಮೈಯಲ್ಲಿ ತೇವದ ಹನಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ತಳದಲ್ಲಿ ತುಂಬಾ ತೂತು ಇರಲಿ, ಪಕ್ಕದಲ್ಲೂ ಸೀಳು ಇದ್ದರೆ ಇನ್ನೂ ಒಳ್ಳೆಯದು. ತೂತು ಕಡಿಮೆಯಿದ್ದರೆ ಕಾಯಿಸಿದ ಮೊಳೆಯಿಂದ ನೀವೇ ಮಾಡಿಕೊಳ್ಳಬಹುದು. ಮಣ್ಣಿನ ಕುಂಡವೂ ಚೆನ್ನಾಗಿರುತ್ತದೆ, ಬೇಗ ಒಣಗುತ್ತದೆ. ಆದರೆ ಬೇರುಗಳು ಅದರ ಒರಟು ಮೈಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ, ಬಿಡಿಸುವಾಗ ಹರಿಯುತ್ತವೆ. ಪದೇ ಪದೇ ನೀರು ಹಾಕುವ ಅಭ್ಯಾಸ ಇರುವವರಿಗೆ ಮಾತ್ರ ಮಣ್ಣಿನ ಕುಂಡ ನಿಜವಾಗಿ ಸಹಾಯಕ್ಕೆ ಬರುತ್ತದೆ.

ಅಂದಕ್ಕೆಂದು ಹೊರಗೆ ಇನ್ನೊಂದು ಕುಂಡ ಇಡುವುದಾದರೆ ಎರಡರ ನಡುವೆ ಒಂದು ಬೆರಳಿನಷ್ಟು ಜಾಗ ಬಿಡಿ. ತಳದಲ್ಲಿ ನಾಲ್ಕು ಬೆಣಚುಕಲ್ಲು ಹಾಕಿ ಒಳಕುಂಡವನ್ನು ಎತ್ತರಿಸಿ. ನೀರು ಹಾಕಿದ ಅರ್ಧ ಗಂಟೆಯ ನಂತರ ಹೊರಕುಂಡ ಎತ್ತಿ ನೋಡಿ, ನಿಂತ ನೀರನ್ನು ಚೆಲ್ಲಿ. ಬಹಳಷ್ಟು ಗಿಡಗಳು ಕೊಳೆಯುವುದು ಕಣ್ಣಿಗೆ ಕಾಣದ ಈ ನೀರಿನಿಂದಲೇ.

ಹೆಜ್ಜೆ 3: ಮಿಶ್ರಣ

ಮಿಶ್ರಣದ ಕೆಲಸ ಎರಡು. ಗಿಡವನ್ನು ನೆಟ್ಟಗೆ ಹಿಡಿಯಬೇಕು, ತೇವವನ್ನೂ ಗಾಳಿಯನ್ನೂ ಒಟ್ಟಿಗೆ ಕೊಡಬೇಕು. ಪೈನ್ ಅಥವಾ ಫರ್ ಮರದ ತೊಗಟೆಯ ಚೂರು ಎಲ್ಲ ಕಡೆ ಬಳಕೆಯಲ್ಲಿದೆ. ಬೆಳೆದ ಫಲನಾಪ್ಸಿಸ್‌ಗೆ 1ರಿಂದ 2 ಸೆಂಟಿಮೀಟರ್ ಚೂರು ಸರಿ. ಅದಕ್ಕೆ ಸ್ವಲ್ಪ ಇದ್ದಿಲು, ಸ್ವಲ್ಪ ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಕಾಳು) ಸೇರಿಸಬಹುದು. ಹೊಸ ತೊಗಟೆ ನೀರನ್ನು ಹೀರುವುದಿಲ್ಲ, ಹಾಕಿದ ನೀರೆಲ್ಲ ಹಾಗೇ ಜಾರಿ ಹೋಗುತ್ತದೆ. ಹಿಂದಿನ ರಾತ್ರಿಯೇ ನೀರಲ್ಲಿ ನೆನೆಹಾಕಿ. ಪುಡಿಯನ್ನೆಲ್ಲ ಸೋಸಿ ತೆಗೆಯಿರಿ, ಅದು ಕೆಳಗಿಳಿದು ತೂತು ಕಟ್ಟುತ್ತದೆ.

ತೆಂಗಿನ ಸಿಪ್ಪೆಯ ಚೂರೂ ಕೆಲಸ ಮಾಡುತ್ತದೆ, ತೇವವನ್ನು ತೊಗಟೆಗಿಂತ ಜಾಸ್ತಿ ಹಿಡಿಯುತ್ತದೆ. ಅದರಲ್ಲಿ ಉಪ್ಪಿನಂಶ ಇರುವುದರಿಂದ ಎರಡು ಮೂರು ಸಲ ನೆನೆಸಿ, ನೀರು ಬದಲಿಸಿ ತೊಳೆದೇ ಬಳಸಬೇಕು. ಸ್ಫ್ಯಾಗ್ನಮ್ ಪಾಚಿ, ಅಂದರೆ ಒಣಗಿಸಿ ಮಾರುವ ಉದ್ದ ಎಳೆಯ ಪಾಚಿ, ತುಂಬಾ ನೀರು ಹಿಡಿಯುವ ವಸ್ತು. ಸಡಿಲವಾಗಿ ತುಂಬಿದರೆ ಒಳ್ಳೆಯದು, ಒತ್ತಿ ತುಂಬಿದರೆ ಮಧ್ಯೆ ಗಾಳಿಯೇ ಇರುವುದಿಲ್ಲ. ಮನೆಯ ಗಾಳಿ ಒಣಗಿದ್ದು, ನೀವು ನೀರು ಹಾಕುವುದರಲ್ಲಿ ಜಿಪುಣರಾದರೆ ಪಾಚಿ ಸರಿ. ಕೈ ಧಾರಾಳವಾದರೆ ತೊಗಟೆಯೇ ಸರಿ.

ಮಿಶ್ರಣಕ್ಕೂ ಆಯಸ್ಸಿದೆ. ತೊಗಟೆ ಸುಮಾರು 2 ವರ್ಷ ಬಾಳುತ್ತದೆ. ಪಾಚಿ ಒಂದು, ಒಂದೂವರೆ ವರ್ಷ. ಆಮೇಲೆ ಅದು ಮೆತ್ತಗಾಗಿ, ಪುಡಿಯಾಗಿ, ಮಣ್ಣಿನಂತೆ ಆಗುತ್ತದೆ. ನಿನ್ನೆಯವರೆಗೆ ಸರಿಯಾಗಿದ್ದ ನೀರಿನ ಕ್ರಮವೇ ಈಗ ಬೇರನ್ನು ಕೊಳೆಸತೊಡಗುತ್ತದೆ. ಎರಡು ವರ್ಷ ಚೆನ್ನಾಗಿದ್ದ ಗಿಡ ಇದ್ದಕ್ಕಿದ್ದಂತೆ ಸೊರಗಿದರೆ ಮೊದಲು ಅನುಮಾನಿಸಬೇಕಾದದ್ದು ಹಳೆಯ ಮಿಶ್ರಣವನ್ನು.

ಹೆಜ್ಜೆ 4: ನೀರು

ವಾರಕ್ಕೊಮ್ಮೆ ನೀರು ಹಾಕಿ ಎಂಬ ಸಲಹೆ ಎಲ್ಲರೂ ಕೊಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಬಿಸಿಲ ಕಾಲದಲ್ಲಿ ತೊಗಟೆಯ ಕುಂಡ 4 ದಿನಕ್ಕೆ ಒಣಗಬಹುದು. ಮೋಡ ಮುಚ್ಚಿದ ತಂಪು ದಿನಗಳಲ್ಲಿ ಪಾಚಿಯ ಕುಂಡ 12 ದಿನವಾದರೂ ಒದ್ದೆಯಾಗಿರಬಹುದು. ಕ್ಯಾಲೆಂಡರ್‌ಗೆ ಇದು ಗೊತ್ತಿಲ್ಲ, ಬೇರಿಗೆ ಗೊತ್ತು.

ಹಾಗಾದರೆ ಯಾವಾಗ ಹಾಕುವುದು? ಕುಂಡದ ಗೋಡೆಗೆ ತಾಗಿದ ಬೇರುಗಳು ಹಸಿರಿನಿಂದ ಬೆಳ್ಳಿಗೆ ತಿರುಗಿವೆಯೇ ನೋಡಿ. ಒಳಗೋಡೆಯಲ್ಲಿ ಮಂಜು ಕಟ್ಟಿದಂತೆ ಹನಿಗಳಿದ್ದರೆ ಇನ್ನೂ ಕಾಯಿರಿ. ಕುಂಡ ಎತ್ತಿ ತೂಕ ನೋಡುವ ಅಭ್ಯಾಸ ಮಾಡಿಕೊಳ್ಳಿ. ನೀರು ಹಾಕಿದ ದಿನದ ತೂಕ, ಒಣಗಿದ ದಿನದ ತೂಕ ಎರಡೂ ಕೆಲವೇ ವಾರಗಳಲ್ಲಿ ಕೈಗೆ ಗೊತ್ತಾಗುತ್ತದೆ. ಪಾರದರ್ಶಕ ಕುಂಡ ಇಲ್ಲದಿದ್ದರೆ ಒಂದು ಬಿದಿರು ಕಡ್ಡಿಯನ್ನು ಬೇರಿಗೆ ತಾಗದಂತೆ ಮಧ್ಯದವರೆಗೆ ಚುಚ್ಚಿಟ್ಟು, ಹತ್ತು ನಿಮಿಷ ಬಿಟ್ಟು ತೆಗೆದು ಕೆನ್ನೆಗೆ ತಾಗಿಸಿ. ತಂಪು ಹತ್ತಿದರೆ ಒಳಗೆ ತೇವ ಇದೆ. ಮೇಲ್ಭಾಗ ಒಣಗಿದ್ದು ನೋಡಿ ಮೋಸ ಹೋಗಬೇಡಿ, ಕೊಳೆ ಶುರುವಾಗುವುದು ಮಧ್ಯದಲ್ಲಿ ಮತ್ತು ತಳದಲ್ಲಿ.

ಹಾಕುವ ದಿನ ಮಾತ್ರ ಧಾರಾಳವಾಗಿ ಹಾಕಿ. ಸುಮ್ನೆ ಎರಡು ಚಮಚ ಚಿಮುಕಿಸಿದರೆ ಪ್ರಯೋಜನ ಇಲ್ಲ. ಬೆಳಗ್ಗೆ ಹೊತ್ತು, ಕೋಣೆಯಷ್ಟೇ ಬೆಚ್ಚಗಿರುವ ನೀರನ್ನು ಮಿಶ್ರಣದ ಮೇಲೆ ಎಲ್ಲ ಕಡೆ ಸುತ್ತಿ ಹುಯ್ಯಿರಿ, ತಳದಿಂದ ಒಂದು ನಿಮಿಷ ಸರಾಗವಾಗಿ ಹರಿಯಲಿ. ಬೇರು ಪೂರ್ತಿ ಹಸಿರಾಗದಿದ್ದರೆ ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಹಾಕಿ. ತುಂಬಾ ಒಣಗಿದ ತೊಗಟೆಯಾದರೆ ಕುಂಡವನ್ನು ಅಂಚಿಗಿಂತ ಸ್ವಲ್ಪ ಕೆಳಗಿನವರೆಗೆ ನೀರಲ್ಲಿ 10ರಿಂದ 15 ನಿಮಿಷ ಇಟ್ಟು ತೆಗೆಯುವುದು ಒಳ್ಳೆಯದು. ಒಂದೇ ಬಕೆಟ್ ನೀರಲ್ಲಿ ಎಲ್ಲ ಗಿಡಗಳನ್ನೂ ಅದ್ದಬೇಡಿ, ಒಂದರ ರೋಗ ಇನ್ನೊಂದಕ್ಕೆ ಹೋಗುತ್ತದೆ. ಆಮೇಲೆ ಕುಂಡವನ್ನು ಓರೆ ಮಾಡಿ ನೀರು ಪೂರ್ತಿ ಬಸಿಯಿರಿ.

ಸುಳಿಯಲ್ಲಿ ಅಥವಾ ಎಲೆಯ ಬುಡದಲ್ಲಿ ನೀರು ನಿಂತರೆ ಬಟ್ಟೆಯ ತುದಿಯಿಂದ ಒರೆಸಿ. ಫಲನಾಪ್ಸಿಸ್‌ಗೆ ಬೆಳೆಯುವ ಸುಳಿ ಒಂದೇ. ಅದು ಕೊಳೆತರೆ ಗಿಡ ಉಳಿಯುವುದು ಕಷ್ಟ, ಬುಡದಿಂದ ಮರಿ ಬಂದರೆ ಅದೃಷ್ಟ.

ಮಂಜುಗಡ್ಡೆ ಇಡುವ ಪದ್ಧತಿಯ ಬಗ್ಗೆ ತುಂಬಾ ಜನ ಕೇಳುತ್ತಾರೆ. 2017ರಲ್ಲಿ ಅಮೆರಿಕದ ಓಹಾಯೊ ಸ್ಟೇಟ್ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳ ಸಂಶೋಧಕರು ತೊಗಟೆಯಲ್ಲಿ ಬೆಳೆದ ಫಲನಾಪ್ಸಿಸ್‌ಗೆ ವಾರಕ್ಕೆ ಮೂರು ಮಂಜುಗಡ್ಡೆ ಇಟ್ಟು ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿದರು. ಬೇರಿಗೆ ಹಾನಿಯಾಗಲಿಲ್ಲ, ಹೂವೂ ಅಷ್ಟೇ ದಿನ ಉಳಿಯಿತು. ಹಾಗಾಗಿ ಅದು ಗಿಡ ಕೊಲ್ಲುತ್ತದೆ ಎನ್ನುವುದು ಸರಿಯಲ್ಲ. ಆದರೂ ನಾನು ಅದನ್ನು ಮಾಡಿ ಎನ್ನುವುದಿಲ್ಲ. ಅಷ್ಟು ಕಡಿಮೆ ನೀರಿನಿಂದ ಕುಂಡದಲ್ಲಿ ಸೇರಿದ ಉಪ್ಪು ತೊಳೆದು ಹೋಗುವುದಿಲ್ಲ. ನೀರು ಹಾಕುವ ಹೊತ್ತಲ್ಲಿ ಬೇರನ್ನು ನೋಡುವ ಅಭ್ಯಾಸವೂ ತಪ್ಪುತ್ತದೆ.

ಹೆಜ್ಜೆ 5: ಉಪ್ಪು ಮತ್ತು ಗೊಬ್ಬರ

ಕುಂಡದ ಅಂಚಿನಲ್ಲಿ, ತೊಗಟೆಯ ಮೇಲೆ ಬಿಳಿ ಹಿಟ್ಟಿನಂಥ ಪದರ ಕಟ್ಟುತ್ತಿದ್ದರೆ ಅದು ಗಡಸು ನೀರಿನ ಮತ್ತು ಗೊಬ್ಬರದ ಲವಣ. ಅದು ಬೇರಿನೊಳಗಿನ ನೀರನ್ನೇ ಹೊರಗೆಳೆಯುತ್ತದೆ. ಬೇರಿನ ತುದಿ ಕಪ್ಪಾಗುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಮಳೆ ನೀರು ಎಲ್ಲಕ್ಕಿಂತ ಒಳ್ಳೆಯದು. ಆರ್‌ಒ ನೀರೂ ಆಗುತ್ತದೆ, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವುದಿಲ್ಲವಾದ್ದರಿಂದ ಅವೆರಡೂ ಇರುವ ಗೊಬ್ಬರ ಆರಿಸಿ. ಉಪ್ಪು ಹಾಕಿ ಗಡಸುತನ ತೆಗೆಯುವ ಯಂತ್ರದ ನೀರು ಬೇಡವೇ ಬೇಡ, ಅದರಲ್ಲಿ ಸೋಡಿಯಂ ಜಾಸ್ತಿ.

ಗೊಬ್ಬರ ಪೊಟ್ಟಣದ ಮೇಲೆ ಬರೆದಿರುವ ಪ್ರಮಾಣದ ಕಾಲು ಭಾಗ ಸಾಕು. ಹೊಸ ಎಲೆ ಅಥವಾ ಹೊಸ ಬೇರು ಬರುತ್ತಿರುವಾಗ ಎರಡು ಮೂರು ನೀರಿಗೆ ಒಮ್ಮೆ ಕೊಡಿ. ಒಣಗಿದ ಬೇರಿಗೆ ನೇರವಾಗಿ ಗೊಬ್ಬರದ ನೀರು ತಾಗಿಸಬೇಡಿ. ಮೊದಲ ಹನಿಯನ್ನು ವೆಲಮೆನ್ ಗಟಗಟನೆ ಹೀರಿಕೊಳ್ಳುತ್ತದೆ, ಲವಣವೆಲ್ಲ ಅಲ್ಲೇ ಸೇರಿಕೊಳ್ಳುತ್ತದೆ. ಮೊದಲು ಬರೀ ನೀರು, ಆಮೇಲೆ ಗೊಬ್ಬರ. ತಿಂಗಳಿಗೊಮ್ಮೆ ಕುಂಡದ ಗಾತ್ರದ ಎರಡು ಮೂರು ಪಟ್ಟು ಬರೀ ನೀರನ್ನು ಹರಿಸಿ ತೊಳೆಯಿರಿ. ಬೇರು ಕೊಳೆತು ಸೊರಗಿದ ಗಿಡಕ್ಕೆ ಗೊಬ್ಬರ ಕೊಟ್ಟು ಚೇತರಿಸುವ ಆಸೆ ಬೇಡ, ಕುಡಿಯುವ ಬೇರೇ ಇಲ್ಲದಾಗ ಅದು ಬರೀ ಉಪ್ಪು.

ಹೊರಗೆ ಬರುವ ಬೇರುಗಳು

ಕುಂಡದ ಅಂಚು ದಾಟಿ, ಕಿಟಕಿಯ ಕಡೆ, ಮೇಜಿನ ಮೇಲೆ ಬೇರು ಹರಡುವುದು ನೋಡಿ ಗಾಬರಿ ಬೀಳುವವರಿದ್ದಾರೆ. ಇದು ಆ ಗಿಡದ ಸ್ವಭಾವ. ಕತ್ತರಿಸಬೇಡಿ. ಅವು ಗಾಳಿಯ ತೇವವನ್ನೂ, ನೀವು ನೀರು ಹಾಕುವಾಗ ಬೀಳುವ ಹನಿಗಳನ್ನೂ ಹೀರುತ್ತವೆ. ಕುಂಡದೊಳಗಿನ ಬೇರು ಕೈಕೊಟ್ಟರೆ ಗಿಡವನ್ನು ಸ್ವಲ್ಪ ಕಾಲ ಹಿಡಿದು ನಿಲ್ಲಿಸುವುದೂ ಇವೇ. ಬಲವಂತವಾಗಿ ಬಗ್ಗಿಸಿ ಒಳಗೆ ತುರುಕುವುದೂ ಬೇಡ. ಒಣಗಿದ ಬೇರು ಪಟ್ಟನೆ ಮುರಿಯುತ್ತದೆ, ಗಾಳಿಯಲ್ಲೇ ಬೆಳೆದ ಬೇರಿಗೆ ಕುಂಡದೊಳಗಿನ ತೇವ ಎಷ್ಟೋ ಸಲ ಒಗ್ಗುವುದೂ ಇಲ್ಲ.

ಹೊರಬೇರುಗಳು ಸುಕ್ಕುಗಟ್ಟಿ ಬಟ್ಟೆ ಒಣಹಾಕುವ ದಾರದಷ್ಟು ತೆಳ್ಳಗಾಗುತ್ತಿದ್ದರೆ ಕೋಣೆಯ ಗಾಳಿ ತೀರಾ ಒಣಗಿದೆ ಎಂದರ್ಥ. ಆರ್ದ್ರತೆ 50ರಿಂದ 70 ಶೇಕಡಾ ಇದ್ದರೆ ಅವು ಖುಷಿಯಾಗಿರುತ್ತವೆ. ನೀರು ಹಾಕುವ ದಿನ ಅವುಗಳ ಮೇಲೂ ನೀರು ಹರಿಸಿ. ದಿನಾ ಎರಡು ಸಲ ಸ್ಪ್ರೇ ಹೊಡೆಯುವುದರಿಂದ ಹೆಚ್ಚು ಲಾಭ ಇಲ್ಲ, ಆ ತೇವ ನಿಮಿಷಗಳಲ್ಲಿ ಆರಿಹೋಗುತ್ತದೆ, ಸುಳಿಯಲ್ಲಿ ನಿಂತರೆ ಕೇಡೇ ಜಾಸ್ತಿ. ನಾಲ್ಕಾರು ಗಿಡಗಳನ್ನು ಹತ್ತಿರ ಹತ್ತಿರ ಇಡುವುದು, ಫ್ಯಾನ್ ಗಾಳಿ ನೇರವಾಗಿ ಹೊಡೆಯದೆ ಕೋಣೆಯಲ್ಲಿ ಮೆಲ್ಲಗೆ ಆಡುವಂತೆ ಮಾಡುವುದು ಇದಕ್ಕಿಂತ ಒಳ್ಳೆಯದು.

ಹೆಜ್ಜೆ 6: ಕುಂಡ ಬದಲಿಸುವುದು

ಹೂವು ಮುಗಿದ ಮೇಲೆ, ಹೊಸ ಬೇರಿನ ಹಸಿರು ತುದಿ ಮೂಡುತ್ತಿರುವ ಸಮಯ ಇದಕ್ಕೆ ಹೇಳಿ ಮಾಡಿಸಿದ್ದು. ಗಿಡ ಆಗ ಬೇಗ ಹೊಸ ಮಿಶ್ರಣಕ್ಕೆ ಹೊಂದಿಕೊಳ್ಳುತ್ತದೆ. ಬೇರು ಕೊಳೆಯುತ್ತಿರುವುದು ಗೊತ್ತಾದರೆ ಮಾತ್ರ ಹೂವಿದ್ದರೂ ಕಾಯಬೇಡಿ.

ಹಿಂದಿನ ದಿನ ನೀರು ಹಾಕಿ. ನೆನೆದ ಬೇರು ಬಾಗುತ್ತದೆ, ಒಣಗಿದ್ದು ಮುರಿಯುತ್ತದೆ. ಕುಂಡದ ಗೋಡೆಯನ್ನು ಸುತ್ತಲೂ ಅಮುಕಿ ಸಡಿಲಿಸಿ, ಬುಡ ಹಿಡಿದು ಹೊರತೆಗೆಯಿರಿ. ಬರದಿದ್ದರೆ ಎಳೆಯಬೇಡಿ, ಪ್ಲಾಸ್ಟಿಕ್ ಕುಂಡವನ್ನೇ ಕತ್ತರಿಸಿ. ಹಳೆಯ ಮಿಶ್ರಣವನ್ನು ಬೆರಳಿನಿಂದ ಬಿಡಿಸಿ, ಉಳಿದದ್ದನ್ನು ಹರಿಯುವ ನೀರಲ್ಲಿ ತೊಳೆಯಿರಿ.

ಬೇರುಗಳ ನಟ್ಟ ನಡುವೆ, ಬುಡದ ಕೆಳಗೆ ನೋಡಿ. ನರ್ಸರಿಯಲ್ಲಿ ಸಸಿ ಬೆಳೆಸಿದ ಪುಟ್ಟ ಪಾಚಿಯ ಉಂಡೆಯೋ, ಬಲೆಯ ಬುಟ್ಟಿಯೋ ಅಲ್ಲೇ ಉಳಿದಿರುತ್ತದೆ. ಹೊರಗಿನ ತೊಗಟೆ ಒಣಗಿದ್ದರೂ ಈ ಉಂಡೆ ಹಸಿಯಾಗಿಯೇ ಇರುತ್ತದೆ, ಬುಡದ ಬೇರುಗಳನ್ನು ಮೊದಲು ಕೊಳೆಸುತ್ತದೆ. ತಾಳ್ಮೆಯಿಂದ ಚೂರು ಚೂರಾಗಿ ತೆಗೆಯಿರಿ. ಚಿಮಟ ಇದ್ದರೆ ಅನುಕೂಲ.

ಈಗ ಒಂದೊಂದೇ ಬೇರನ್ನು ಒತ್ತಿ ನೋಡಿ. ಮೆತ್ತಗಿನದ್ದು, ಟೊಳ್ಳಾದದ್ದು ಹೋಗಲಿ. ಅರ್ಧ ಬೇರು ಮಾತ್ರ ಕೊಳೆತಿದ್ದರೆ ಗಟ್ಟಿ ಭಾಗ ಸಿಗುವಲ್ಲಿಗೆ ಕತ್ತರಿಸಿ. ಕತ್ತರಿಯನ್ನು ಬೆಂಕಿಗೆ ಹಿಡಿದೋ, 70 ಶೇಕಡಾ ಆಲ್ಕೋಹಾಲ್‌ನಲ್ಲಿ ಒರೆಸಿಯೋ ಶುದ್ಧ ಮಾಡಿಕೊಳ್ಳಿ, ಸ್ಪಿರಿಟ್ ಪೂರ್ತಿ ಆರಿದ ಮೇಲೆಯೇ ಬೆಂಕಿ ಹತ್ತಿರ ಹೋಗಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಬೆಂಕಿಗೆ ಹಿಡಿಯುವುದೇ ಭದ್ರ. ಸಿಂಬಿಡಿಯಂ ಮೊಸಾಯಿಕ್ ವೈರಸ್ ಮುಂತಾದವು ಕತ್ತರಿಯಲ್ಲಿ ಅಂಟಿದ ರಸದ ಮೂಲಕ ಹರಡುತ್ತವೆ, ಅವಕ್ಕೆ ಔಷಧಿ ಇಲ್ಲ.

ಗಾಯಕ್ಕೆ ಏನೂ ಹಚ್ಚಬೇಕಾಗಿಲ್ಲ. ದಾಲ್ಚಿನ್ನಿ ಪುಡಿ ಎರಚುವುದು ಬಹಳ ಕಡೆ ರೂಢಿಯಲ್ಲಿದೆ. ಅದು ತೇವವನ್ನು ಎಳೆದುಕೊಳ್ಳುವ ವಸ್ತು, ಒಳ್ಳೆಯ ಬೇರಿನ ಮೇಲೆ ಬಿದ್ದರೆ ಅದನ್ನೂ ಒಣಗಿಸುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಸುರಿಯುವುದೂ ಬೇಡ, ನೊರೆ ಬರುವಾಗ ಜೀವಂತ ಕೋಶಗಳೂ ಸಾಯುತ್ತವೆ. ನೆರಳಲ್ಲಿ ಕೆಲವು ಗಂಟೆ ಗಾಳಿಗೆ ಬಿಟ್ಟರೆ ಗಾಯ ತಾನಾಗಿ ಒಣಗುತ್ತದೆ.

ಕುಂಡದಲ್ಲಿ ಕೂರಿಸುವಾಗ ಎಲ್ಲಕ್ಕಿಂತ ಕೆಳಗಿನ ಎಲೆಯ ಬುಡ ಮಿಶ್ರಣದ ಮಟ್ಟಕ್ಕಿಂತ ಸ್ವಲ್ಪ ಮೇಲಿರಲಿ. ಬೇರುಗಳನ್ನು ಸುತ್ತಿ ಒಳಗಿಳಿಸಿ, ತೊಗಟೆ ಹಾಕುತ್ತಾ ಕುಂಡವನ್ನು ತಟ್ಟಿ, ಚೂರುಗಳು ಸಂದಿಗಿಳಿಯುತ್ತವೆ. ಗಿಡ ಅಲುಗಾಡಬಾರದು. ಅಲುಗಾಡಿದರೆ ಹೊಸ ಬೇರಿನ ತುದಿ ತೊಗಟೆಗೆ ಉಜ್ಜಿ ಸಾಯುತ್ತದೆ. ಎಲೆ ಹಿಡಿದು ಮೆಲ್ಲಗೆ ಎತ್ತಿದಾಗ ಕುಂಡವೂ ಜೊತೆಗೆ ಬರುವಂತಿರಬೇಕು, ಇಲ್ಲದಿದ್ದರೆ ಒಂದು ಕಡ್ಡಿಗೆ ಸಡಿಲವಾಗಿ ಕಟ್ಟಿ. ಬೇರು ಕತ್ತರಿಸಿದ್ದರೆ ಮೂರು ನಾಲ್ಕು ದಿನ ಬಿಟ್ಟು ನೀರು ಹಾಕಿ. ಒಂದೆರಡು ವಾರ ನೆರಳಲ್ಲಿಡಿ, ಗೊಬ್ಬರ ತಿಂಗಳವರೆಗೆ ಬೇಡ.

ಮಿಶ್ರಣದಲ್ಲಿ ಪುಟ್ಟ ಬಸವನಹುಳು ಕಂಡರೆ ಬಿಡಬೇಡಿ, ಅವು ರಾತ್ರಿ ಹೊತ್ತು ಬೇರಿನ ತುದಿ ತಿನ್ನುತ್ತವೆ. ಮೇಲೆ ಸೌತೆಕಾಯಿ ಹೋಳು ಇಟ್ಟು, ಅದಕ್ಕೆ ಮುತ್ತಿದವನ್ನು ಹೆಕ್ಕಿ ಹಾಕಿ. ಸುತ್ತ ಹಾರಾಡುವ ಸಣ್ಣ ಕಪ್ಪು ನೊಣಗಳು ಮಿಶ್ರಣ ಸದಾ ಒದ್ದೆಯಾಗಿದೆ ಎಂದು ತಿಳಿಸುತ್ತವೆ. ಒಣಗಲು ಬಿಟ್ಟರೆ ಅವು ಕಡಿಮೆಯಾಗುತ್ತವೆ.

ಬೇರೆ ಜಾತಿಯಾದರೆ

ಡೆಂಡ್ರೋಬಿಯಂ, ಕ್ಯಾಟ್ಲಿಯಾಗಳಲ್ಲಿ ಹೊಸ ಬೇರು ಬರುವುದು ಹೊಸ ಚಿಗುರಿನ ಬುಡದಿಂದ. ಆ ಬೇರು ಒಂದೆರಡು ಸೆಂಟಿಮೀಟರ್ ಆಗುವ ಮೊದಲೇ ಕುಂಡ ಬದಲಿಸಬೇಕು, ಆಮೇಲೆ ಕೈ ಹಾಕಿದರೆ ಮುರಿಯುತ್ತವೆ. ಅವುಗಳ ದಪ್ಪ ಕಾಂಡದಲ್ಲಿ ನೀರಿನ ದಾಸ್ತಾನು ಇರುವುದರಿಂದ ನೀರು ಹಾಕುವ ನಡುವೆ ಚೆನ್ನಾಗಿ ಒಣಗಲು ಬಿಡಬಹುದು. ಆನ್ಸಿಡಿಯಂ ಬೇರು ತೆಳ್ಳಗೆ, ಸಣ್ಣ ಚೂರಿನ ಮಿಶ್ರಣ ಬೇಕು, ತೀರಾ ಒಣಗಿಸಬಾರದು. ವಾಂಡಾಗೆ ಮಿಶ್ರಣವೇ ಬೇಡ, ಬುಟ್ಟಿಯಲ್ಲಿ ತೂಗುಹಾಕಿ ಬೇರನ್ನು ದಿನಾ ನೆನೆಸಬೇಕು. ಮನೆಯೊಳಗೆ ಅದು ಕಷ್ಟದ ಗಿಡ. ಪೇಫಿಯೋಪೆಡಿಲಂ ಪೂರ್ತಿ ಬೇರೆ. ಅದರ ಬೇರು ಕಂದು ಬಣ್ಣ, ಮೈತುಂಬ ಸಣ್ಣ ರೋಮ. ಅದು ಆರೋಗ್ಯದ ಲಕ್ಷಣ. ಬೆಳ್ಳಿಯಾಗಲಿ ಎಂದು ಕಾದರೆ ಗಿಡ ಒಣಗಿ ಹೋಗುತ್ತದೆ, ಮಿಶ್ರಣದಲ್ಲಿ ಸದಾ ಸ್ವಲ್ಪ ತೇವ ಇರಲಿ.

ಬೇರುಗಳೆಲ್ಲ ಹೋಗಿದ್ದರೆ

ಕುಂಡ ಬಿಡಿಸಿದಾಗ ಒಂದೂ ಗಟ್ಟಿ ಬೇರು ಸಿಗಲಿಲ್ಲ ಎಂದುಕೊಳ್ಳಿ. ಬುಡದ ಕಾಂಡ ಗಟ್ಟಿಯಾಗಿದ್ದು, ಸುಳಿ ಹಸಿರಾಗಿದ್ದರೆ ಇನ್ನೂ ದಾರಿ ಇದೆ. ಕೊಳೆತದ್ದನ್ನೆಲ್ಲ ತೆಗೆಯಿರಿ. ಹೂದಂಟು ಇದ್ದರೆ ಬೇಸರವಾದರೂ ಬುಡಕ್ಕೆ ಕತ್ತರಿಸಿ, ಎಲೆಯಲ್ಲಿ ಉಳಿದಿರುವ ನೀರು, ಶಕ್ತಿ ಎಲ್ಲ ಈಗ ಬೇರಿಗೆ ಬೇಕು. ಒಂದು ದಿನ ಗಾಯ ಒಣಗಲು ಬಿಡಿ.

ಸ್ಫ್ಯಾಗ್ನಮ್ ಪಾಚಿಯನ್ನು ನೆನೆಸಿ, ಹಿಂಡಿದರೆ ಒಂದು ಹನಿಯೂ ಬೀಳದಷ್ಟು ಚೆನ್ನಾಗಿ ಹಿಂಡಿ. ಪುಟ್ಟ ಕುಂಡದಲ್ಲಿ ಸಡಿಲವಾಗಿ ಹರಡಿ, ಗಿಡದ ಬುಡ ಅದರ ಮೇಲೆ ಕೂರುವಂತೆ ಇಡಿ, ಹೂಳಬೇಡಿ. ಇಡೀ ಗಿಡವನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಅರೆತೆರೆದಿಡಿ. ಹೀಗೆ ಸುತ್ತ ತೇವದ ಗಾಳಿ ಇದ್ದರೆ ಎಲೆ ನೀರು ಕಳೆದುಕೊಳ್ಳುವುದು ಕಡಿಮೆಯಾಗುತ್ತದೆ. ನೇರ ಬಿಸಿಲು ತಾಗಬಾರದು, ಚೀಲದೊಳಗೆ ಬೆಂದು ಹೋಗುತ್ತದೆ. 22ರಿಂದ 28 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನ, ಬೆಳಕಿರುವ ನೆರಳು ಸಾಕು. ದಿನಕ್ಕೊಮ್ಮೆ ಚೀಲ ತೆರೆದು ಗಾಳಿ ಆಡಿಸಿ, ಬೂಷ್ಟು ಬಂದಿದೆಯೇ ನೋಡಿ. ಪಾಚಿಯ ಮೇಲ್ಮೈ ಗರಿಗರಿಯಾದಾಗ ಮಾತ್ರ ಅಂಚಿನಲ್ಲಿ ಸ್ವಲ್ಪ ನೀರು.

ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಈ ನಡುವೆ ಕೆಳಗಿನ ಎಲೆ ಒಂದೆರಡು ಹಳದಿಯಾಗಿ ಬೀಳಬಹುದು, ಗಿಡ ಅದರ ಸಾರವನ್ನು ಬಳಸಿಕೊಳ್ಳುತ್ತಿದೆ, ತಾನಾಗಿ ಬೀಳುವವರೆಗೆ ಕೀಳಬೇಡಿ. ಸುಕ್ಕುಗಟ್ಟಿದ ಹಳೆಯ ಎಲೆ ಮತ್ತೆ ಮೊದಲಿನಂತೆ ನುಣುಪಾಗದೆಯೂ ಇರಬಹುದು. ಅದನ್ನು ನೋಡಿ ಕೈಚೆಲ್ಲಬೇಡಿ, ಹೊಸ ಎಲೆ ಹೇಗಿದೆ ನೋಡಿ. ಬುಡದಲ್ಲಿ ಹಸಿರು ಮೊಗ್ಗಿನಂತೆ ಬೇರಿನ ತುದಿ ಇಣುಕಿದಾಗ ಅದನ್ನು ಮುಟ್ಟದೆ ಬಿಡಿ. ಎರಡು ಮೂರು ಬೇರು 4-5 ಸೆಂಟಿಮೀಟರ್ ಆದ ಮೇಲೆ ಚೀಲವನ್ನು ದಿನಕ್ಕೆ ಕೆಲವು ಗಂಟೆ ತೆಗೆಯುತ್ತಾ ಹೊರಗಿನ ಗಾಳಿಗೆ ಅಭ್ಯಾಸ ಮಾಡಿಸಿ. ಇನ್ನಷ್ಟು ಬೇರು ಬಂದ ಮೇಲೆ ತೊಗಟೆಗೆ ಬದಲಿಸಬಹುದು. ಆ ವರ್ಷ ಹೂದಂಟು ಮೂಡಿದರೆ ಬೆರಳುದ್ದ ಆಗುವಾಗಲೇ ತೆಗೆದುಬಿಡಿ, ಹೂವನ್ನು ಮುಂದಿನ ವರ್ಷಕ್ಕೆ ಬಿಡಿ.